ಒಳಗ ಹೆಂಗೈತಿ, ಯವ್ವಾ?

2007ರ ಬೇಸಿಗೆಯ ಮಾತು. ಆಗ ನಾನು ಹಾವೇರಿಯ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಕಂಪನಿ ಅಂದ ಕೂಡಲೇ ಗಾಜಿನ ಕಟ್ಟಡ, ಲಿಫ್ಟು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಕೆಳಗೆ ರಸಗೊಬ್ಬರದ ಅಂಗಡಿ, ಮೇಲೆ ನಾವು. ಮೆಟ್ಟಿಲು ಹತ್ತುವಾಗಲೇ ಯೂರಿಯಾ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಬ್ಬ ಮಾಲೀಕರು, ಪ್ರೋಗ್ರಾಂ ಬರೆಯುವವನೊಬ್ಬ, ಪರದೆಯ ಮುಂದೆ ಪಾಳಿಯಲ್ಲಿ ಕೂರುವವರು, ಪೆಟ್ಟಿಗೆ ರಿಪೇರಿಗೆಂದು ಊರೂರು ಅಲೆಯುವ ನಾನು, ಇಷ್ಟೇ ನಮ್ಮ ಬಳಗ. ನನ್ನ ಮನೆ ರಾಣೆಬೆನ್ನೂರಿನಲ್ಲಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇದೆ, ಆದರೆ ನಿವೃತ್ತನಾದ ಮೇಲೆ ಅದನ್ನು ತೋರಿಸಲು ಜನ ಸಿಗುವುದಿಲ್ಲ.

ನಮ್ಮದು ಕೋಲ್ಡ್ ಸ್ಟೋರೇಜುಗಳನ್ನು ಕಾಯುವ ಕೆಲಸ. ಮೆಣಸಿನಕಾಯಿ ಬಣ್ಣ ಕಳೆದುಕೊಳ್ಳಬಾರದೆಂದು ಬ್ಯಾಡಗಿಯಲ್ಲಿ ಚೀಲಗಟ್ಟಲೆ ತಂದು ತಣ್ಣನೆಯ ಗೋದಾಮುಗಳಲ್ಲಿ ಪೇರಿಸಿಡುತ್ತಾರೆ. ರಾಣೆಬೆನ್ನೂರಿನಲ್ಲಿ ತರಕಾರಿ ಬೀಜಕ್ಕೂ ಅಂಥವೇ ಗೋದಾಮುಗಳಿವೆ. ಇವನ್ನೆಲ್ಲ ತಂಪಾಗಿಡುವುದು ಅಮೋನಿಯಾ ಅನಿಲ. ಪೈಪಿನೊಳಗೆ ಇರುವ ತನಕ ಅದು ಸಾಧು. ಹೊರಗೆ ಬಂತೋ, ಕಣ್ಣು ಸುಡುತ್ತದೆ, ಗಂಟಲು ಸುಡುತ್ತದೆ, ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತದೆ. ಹೀಗಾಗಿ ಪ್ರತಿ ಗೋದಾಮಿನ ಕಂಪ್ರೆಸರ್ ಕೋಣೆಯಲ್ಲಿ ನಾವು ಒಂದು ಪೆಟ್ಟಿಗೆ ಕೂರಿಸಿದ್ದೆವು. ಒಳಗಿನ ಗಾಳಿಯಲ್ಲಿ ಅಮೋನಿಯಾ ಎಷ್ಟಿದೆ ಎಂದು ಅಳೆದು, ಮೊಬೈಲ್ ಸಿಮ್ ಮೂಲಕ ಹಾವೇರಿಯ ನಮ್ಮ ಸರ್ವರ್‌ಗೆ ಅದು ತಿಳಿಸುತ್ತಿತ್ತು. ಸರ್ವರ್ ಎಂದರೆ ಎಲ್ಲ ಪೆಟ್ಟಿಗೆಗಳ ಮಾತನ್ನೂ ಕೇಳಿಸಿಕೊಳ್ಳುವ ಕಂಪ್ಯೂಟರ್. ಅದರ ಪರದೆಯ ಮೇಲೆ ಗೋದಾಮಿಗೊಂದು ಚೌಕ. ಎಲ್ಲ ಸರಿಯಿದ್ದರೆ ಹಸಿರು, ಅಪಾಯವಿದ್ದರೆ ಕೆಂಪು. ಕೆಂಪಾದ ಕೂಡಲೇ ಪರದೆಯ ಮುಂದಿದ್ದವರು ಆ ಗೋದಾಮಿಗೆ ಫೋನ್ ಮಾಡಿ ಎಚ್ಚರಿಸಬೇಕು.

ಹಗಲು ಪಾಳಿಯಲ್ಲಿ ಕೂರುತ್ತಿದ್ದವಳು ಗಿರಿಜಾ. ಗುತ್ತಲದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಡಿಪ್ಲೊಮಾ ಮುಗಿಸಿದ್ದಳು. ಮಾತು ಕಡಿಮೆ, ಕೆಲಸದಲ್ಲಿ ಕಟ್ಟುನಿಟ್ಟು. ಅವಳದೊಂದು ಅಭ್ಯಾಸ ನನಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಫೋನಿನಲ್ಲಿ ಕೇಳಿದರೆ ಮೊದಲು ಆ ಗೋದಾಮಿನ ಚೌಕದ ಮೇಲೆ ಬೆರಳಿಟ್ಟು, ಆಮೇಲೆ ಬಾಯಿ ತೆರೆಯುವಳು. ಪರದೆಯ ತುಂಬ ಅವಳ ಬೆರಳಿನ ಗುರುತು. 'ಕಣ್ಣಿಲೆ ನೋಡಾಕ ಬರಂಗಿಲ್ಲೇನ ನಿನಗ, ಮುಟ್ಟೇ ನೋಡಬೇಕೇನು?' ಎಂದು ರೇಗುತ್ತಿದ್ದೆ. 'ಸಾಲು ತಪ್ಪತೈತ್ರಿ ಸರ' ಎನ್ನುತ್ತಿದ್ದಳು. ಅವಳಿಗಿಂತ ಮೊದಲು ಅದೇ ಕುರ್ಚಿಯಲ್ಲಿ ಇನ್ನೊಬ್ಬಳಿದ್ದಳು. ಅವಳು ಗೆಳತಿಯರ ಜೊತೆ ಹರಟುತ್ತಲೇ, ಪರದೆಯ ಕಡೆ ಕತ್ತು ಕೂಡ ತಿರುಗಿಸದೆ 'ಎಲ್ಲಾ ಚೊಲೋ ಐತಿ' ಎಂದು ಹೇಳಿಬಿಡುತ್ತಿದ್ದಳು. ಒಂದು ದಿನ ಮಾಲೀಕರ ಕಣ್ಣಿಗೆ ಬಿದ್ದು ಕೆಲಸ ಕಳೆದುಕೊಂಡಿದ್ದಳು. ಇದನ್ನು ಈಗಲೇ ಏಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಅದರ ಪಾಲೂ ಗಿರಿಜಾಳ ತಲೆಗೇ ಬಂತು.

ಗಿರಿಜಾಳಿಗೆ ತಪ್ಪದೆ ಫೋನ್ ಮಾಡುತ್ತಿದ್ದವನು ಫಕ್ಕೀರಪ್ಪ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ರೆಸರ್ ನಡೆಸುತ್ತಿದ್ದ. ಕರೆಂಟು ಹೋಗಿ ಬಂದಾಗಲೆಲ್ಲ ಕೋಣೆಯೊಳಗೆ ಹೋಗಿ ಕಂಪ್ರೆಸರನ್ನು ಮತ್ತೆ ಶುರು ಮಾಡುವುದು ಅವನ ಕೆಲಸ. ಬೇರೆ ಆಪರೇಟರುಗಳು ಬಾಗಿಲನ್ನು ಸ್ವಲ್ಪ ತೆರೆದು, ಮೂಗಿನಿಂದ ವಾಸನೆ ಹಿಡಿದು ಒಳಗೆ ಹೋಗುತ್ತಿದ್ದರು. ಫಕ್ಕೀರಪ್ಪನಿಗೆ ಆ ದಾರಿ ಇರಲಿಲ್ಲ. ಪ್ರಾಯದಲ್ಲಿ ಮೆಣಸಿನಕಾಯಿ ಚೀಲ ಹೊತ್ತು, ಆಮೇಲೆ ಅಮೋನಿಯಾದ ಜೊತೆ ಬಾಳಿ, ಅವನ ಮೂಗು ಪೂರ್ತಿ ಸತ್ತುಹೋಗಿತ್ತು. ಅದಕ್ಕೆ ಬಾಗಿಲ ಹೊರಗೇ ನಿಂತು ಹಾವೇರಿಗೆ ಫೋನ್ ಮಾಡುತ್ತಿದ್ದ.

'ಒಳಗ ಹೆಂಗೈತಿ, ಯವ್ವಾ?'

'ಹಸಿರ ಐತಿ ಕಾಕಾ.'

'ಹೋಗ್ಲ್ಯಾ?'

'ಹೋಗ್ರಿ.'

ಇಷ್ಟೇ ಮಾತು, ಪ್ರತಿ ಸಲವೂ ಇಷ್ಟೇ. ಕಂಪನಿ ಹೇಳಿಕೊಟ್ಟದ್ದಲ್ಲ, ಅವನೇ ಮಾಡಿಕೊಂಡ ರೂಢಿ. ಒಮ್ಮೆ ಬ್ಯಾಡಗಿಗೆ ಹೋದಾಗ ನಾನು ಕಾಲೆಳೆದೆ. 'ಫಕ್ಕೀರಪ್ಪ, ಮನ್ಯಾಗ ಅಡಿಗಿ ಮನಿಗೆ ಹೋಗುವಾಗೂ ಗಿರಿಜಾನ ಕೇಳತೀರೇನ್ರಿ?' ಅವನು ಬಾಯಿತುಂಬ ನಕ್ಕ. 'ಅಲ್ಲಿ ಗ್ಯಾಸಿಗಿಂತ ನನ್ನ ಹೇಣ್ತಿದ ಅಂಜಿಕಿ ಜಾಸ್ತಿ ಸರ' ಎಂದ. ಆಮೇಲೆ ತನ್ನ ಮೂಗು ಹಿಡಿದು ತೋರಿಸಿದ. 'ಇದು ಬರೇ ತೋರಿಕಿಗೆ ಐತ್ರಿ. ನನ್ನ ಖರೇ ಮೂಗು ಹಾವೇರ್ಯಾಗ ಕುಂತೈತಿ.' ಆ ಮಾತನ್ನು ಗಿರಿಜಾಳಿಗೆ ಹೇಳಿದಾಗ ಅವಳು ನಾಚಿ ನಕ್ಕಿದ್ದಳು. ಅವರಿಬ್ಬರೂ ಒಬ್ಬರನ್ನೊಬ್ಬರು ಮುಖತಃ ನೋಡಿಯೇ ಇರಲಿಲ್ಲ.

ಇನ್ನು ಸರ್ವರ್‌ನ ಕಥೆ. ಅದು ಹಳೆಯ ಯಂತ್ರ, ಮೆಮೊರಿ ಕಡಿಮೆ. ಲೋಡ್ ಶೆಡ್ಡಿಂಗ್ ಮುಗಿದು ಕರೆಂಟು ಬಂದ ಗಳಿಗೆ ಬ್ಯಾಡಗಿಯ ಪೆಟ್ಟಿಗೆಗಳೆಲ್ಲ ಒಟ್ಟಿಗೇ ಎಚ್ಚರಾಗಿ ಅದರ ಮೇಲೆ ಮುಗಿಬೀಳುತ್ತಿದ್ದವು. ಒಂದು ಸಲ ಒಳಗೆ ಬಿಡದಿದ್ದರೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತಿದ್ದವು. ಸರ್ವರ್ ಉಸಿರುಕಟ್ಟಿ ನಿಂತೇಬಿಡುತ್ತಿತ್ತು. ಇದಕ್ಕೆ ಮದ್ದು ರೇಟ್ ಲಿಮಿಟಿಂಗ್. ಅಂದರೆ, ಒಂದು ಪೆಟ್ಟಿಗೆ ಇಷ್ಟು ಹೊತ್ತಿನಲ್ಲಿ ಇಷ್ಟೇ ಸಲ ಬಾಗಿಲು ತಟ್ಟಬಹುದು, ಮೀರಿದರೆ ಕೆಲವು ನಿಮಿಷ ಹೊರಗೆ ಕಾಯಬೇಕು ಎಂಬ ಕಟ್ಟುಪಾಡು. ಅದನ್ನು ಬರೆದವನು ನಮ್ಮ ಪ್ರೋಗ್ರಾಮರ್ ವೀರೇಶ. ಬುದ್ಧಿವಂತ, ತನ್ನ ಕೆಲಸದ ಮೇಲೆ ಪ್ರೀತಿಯೂ ಇತ್ತು, ಸ್ವಲ್ಪ ಜಂಬವೂ ಇತ್ತು. ನನ್ನಂಥ ಸ್ಕ್ರೂಡ್ರೈವರ್ ಇಂಜಿನಿಯರ್‌ಗೂ ತಿಳಿಯುವ ಹಾಗೆ ಅವನೇ ಒಮ್ಮೆ ವಿವರಿಸಿದ್ದ.

'ಖಾನಾವಳಿ ತಾಟ ನೋಡೀರಲ್ರಿ ಸರ, ಖಾನೆ ಖಾನೆ ಇರತಾವ? ಪ್ರೋಗ್ರಾಮಿನ್ಯಾಗ ‘ಅರೇ’ ಅಂತ ಕರೀತೇವಲ್ರಿ, ಅದೂ ಹಂತಾ ತಾಟ. ಪೆಟಿಗಿ ಒಂದ ಸಲ ಬಾಗಲಾ ತಟ್ಟಿದ್ರ ಒಂದ ಖಾನೆದಾಗ ಟೈಮ್ ಬರದ ಇಡತೇನಿ. ಖಾನೆ ಎಲ್ಲಾ ತುಂಬಿದ್ವು ಅಂದ್ರ, ಹೊರಗ ನಿಂದ್ರು ಅಂತೇನಿ.'

ಬಂದ ಪೆಟ್ಟಿಗೆಗೆಲ್ಲ ಹೊಸ ತಾಟು ಮಾಡಿಸುತ್ತ ಕುಳಿತರೆ ಹಳೆಯ ಸರ್ವರ್ ಸುಸ್ತಾಗುತ್ತದೆ. ಅದಕ್ಕೆ ಒಂದಷ್ಟು ತಾಟುಗಳನ್ನು ಮೊದಲೇ ಪೇರಿಸಿಡುವುದು, ಬಂದ ಪೆಟ್ಟಿಗೆಗೆ ಎಲ್ಲಕ್ಕಿಂತ ಮೇಲಿನದನ್ನು ಕೊಡುವುದು, ಅದರ ಕೆಲಸ ಮುಗಿದ ಮೇಲೆ ಖಾನೆಗಳನ್ನು ತೊಳೆದು ಮತ್ತೆ ಮೇಲೆ ಇಡುವುದು. ಹೀಗೆ ಮರಳಿ ಮರಳಿ ಬಳಸುವ ರಾಶಿಗೆ ಪೂಲ್ ಎನ್ನುತ್ತಾರೆ. ವೀರೇಶನ ಈ ಪೂಲ್ ಬಂದ ಮೇಲೆ ಸರ್ವರ್ ನಿಲ್ಲುವುದೇ ತಪ್ಪಿತು. ಮಾಲೀಕರು ಪೇಡೆ ತರಿಸಿ ಎಲ್ಲರಿಗೂ ಹಂಚಿದರು, ನಾನೂ ತಿಂದೆ.

ಅವತ್ತು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನಾನು ರಾಣೆಬೆನ್ನೂರಿನ ಬೀಜದ ಗೋದಾಮೊಂದರಲ್ಲಿದ್ದೆ. ಅಲ್ಲಿನ ಪೆಟ್ಟಿಗೆ ಬೆಳಿಗ್ಗೆಯಿಂದ ಹುಚ್ಚು ಹಿಡಿದ ಹಾಗೆ ಆಡುತ್ತಿತ್ತು. ಕನೆಕ್ಷನ್ ಸಿಗುವುದು, ತಪ್ಪುವುದು, ಮತ್ತೆ ತಟ್ಟುವುದು. ತೆರೆದು ನೋಡಿದರೆ ಇಲಿ ಆಂಟೆನಾ ವೈರನ್ನು ಕಡಿದಿತ್ತು. ಅಷ್ಟರಲ್ಲಿ ಪೆಟ್ಟಿಗೆಯ ಹಳದಿ ದೀಪ ಮಿಣುಕಲು ಶುರುವಾಯಿತು. ಬಹಳ ಸಲ ತಟ್ಟಿದ್ದಕ್ಕೆ ಸರ್ವರ್ ಅದನ್ನು ಹೊರಗೆ ಕಾಯಿಸಿದೆ ಎಂದು ಅದರ ಅರ್ಥ. ವೈರನ್ನು ಸುಮ್ಮನೆ ಮುಟ್ಟಿದೆ ಅಷ್ಟೇ, ತುಂಡಾಗಿ ಕೈಗೇ ಬಂತು. ಹೊಸ ವೈರ್ ಹಾಕಿದೆ. ಪೆಟ್ಟಿಗೆ ಮೊದಲ ಸಲಕ್ಕೇ ಸೇರಿಕೊಂಡು ಹಸಿರು ದೀಪ ತೋರಿಸಿತು. 'ಲಗೂನ ಮುಗೀತಪ್ಪ' ಎಂದುಕೊಂಡು ಅಂಗಿಯಿಂದ ಬೆವರು ಒರೆಸುತ್ತಿದ್ದೆ. ಆಗ ಫೋನ್ ಬಂತು. ಬ್ಯಾಡಗಿಯಲ್ಲಿ ಗ್ಯಾಸು ಸೋರಿದೆ, ಫಕ್ಕೀರಪ್ಪ ಸಿಕ್ಕಿಕೊಂಡಿದ್ದಾನೆ.

ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕರೆಂಟು ಇಲ್ಲದಾಗ ವಾಲ್ವ್ ಒಂದು ಬಿಟ್ಟುಕೊಂಡು, ಮುಚ್ಚಿದ ಕೋಣೆಯಲ್ಲಿ ಅಮೋನಿಯಾ ತುಂಬಿತ್ತು. ಪೆಟ್ಟಿಗೆಯ ಬ್ಯಾಟರಿ ಅಷ್ಟು ಉದ್ದದ ಲೋಡ್ ಶೆಡ್ಡಿಂಗಿಗೆ ಸಾಲದೆ ಮೊದಲೇ ಸತ್ತಿತ್ತು. ಕರೆಂಟು ಬಂದ ಮೇಲೆ ಫಕ್ಕೀರಪ್ಪ ಬಾಗಿಲು ಎಳೆದು ಕೋಣೆಯ ಮೆಟ್ಟಿಲು ಇಳಿದಿದ್ದಾನೆ. ಅಲ್ಲೇ ಕಣ್ಣು ಕತ್ತಲಿಟ್ಟು ಬಿದ್ದಿದ್ದಾನೆ. ಹಮಾಲರು ಗೋಣಿಚೀಲ ತೋಯಿಸಿ ಮುಖಕ್ಕೆ ಸುತ್ತಿಕೊಂಡು, ಜೀವದ ಹಂಗು ತೊರೆದು ಒಳಗೆ ನುಗ್ಗಿ ಎಳೆದು ತಂದಿದ್ದರು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ. ನನ್ನ ಕೈ ಹಿಡಿದು ಏನೋ ಹೇಳಲು ನೋಡಿದ, ತಿಳಿಯಲಿಲ್ಲ. ಅದೇ ವಾರ ಹೋಗಿಬಿಟ್ಟ. ಅಯ್ಯೋ, ಆ ನಗುಮುಖದ ಮನುಷ್ಯನಿಗೆ ಅಂಥ ಸಾವು ಬರಬಾರದಿತ್ತು.

ಹಾವೇರಿಯ ಆಫೀಸಿನಲ್ಲಿ ಅವತ್ತು ನಡೆದದ್ದು ಇಷ್ಟು. ಫಕ್ಕೀರಪ್ಪ ಎಂದಿನಂತೆ ಫೋನ್ ಮಾಡಿದ್ದ, ಗಿರಿಜಾ 'ಹೋಗ್ರಿ' ಎಂದಿದ್ದಳು. ಅನಾಹುತದ ಸುದ್ದಿ ಕೇಳಿ ಮಾಲೀಕರು ತಮ್ಮ ಕೋಣೆಯಿಂದ ಓಡಿ ಬಂದು ಪರದೆ ನೋಡಿದಾಗ ಚೌಕ ಕೆಂಪಗಿತ್ತು. 'ಕೆಂಪ ಕಾಣಾಕತ್ತೈತಿ! ನೋಡದ ಹೇಳೀಯೇನ?' ಎಂದು ಕೂಗಿದರು. ಗಿರಿಜಾ 'ಹಸಿರ ಇತ್ರಿ ಸರ, ಬೆರಳ ಇಟ್ಟ ನೋಡೇನ್ರಿ' ಎಂದಳು. ಯಾರು ನಂಬುತ್ತಾರೆ? ಆ ಕುರ್ಚಿಗೆ ಹಿಂದಿನವಳ ಹೆಸರು ಅಂಟಿಕೊಂಡಿತ್ತು. ಕಸ ಗುಡಿಸುವವರಿಂದ ಹಿಡಿದು ಎಲ್ಲರೂ ಆಡಿದ ಮಾತು ಒಂದೇ, ಆ ಸೀಟಿನವರೇ ಹಂಗ. ಮಾಲೀಕರು ಕೆಟ್ಟವರಲ್ಲ, ಆದರೆ ಅಂಜಿದ್ದರು. ಅಂಜಿದ ಬಾಯಿಂದ ಆಸ್ಪತ್ರೆಯಲ್ಲಿ ಫಕ್ಕೀರಪ್ಪನ ಹೆಂಡತಿ ಕಮಲವ್ವನ ಮುಂದೆ ಒಂದು ಸುಳ್ಳು ಹೊರಟಿತು. ನಮ್ಮ ಪೆಟ್ಟಿಗೆ ಸರಿಯಾಗೇ ಇತ್ತು, ನಿಮ್ಮ ಯಜಮಾನರೇ ಕೇಳದೆ ಒಳಗೆ ಹೋದರು ಎಂದುಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಗಿರಿಜಾ ನನ್ನ ಹತ್ತಿರ ಬಂದಳು. ಅತ್ತು ಅತ್ತು ಮುಖ ಬಾತುಕೊಂಡಿತ್ತು. 'ಕೆಲಸ ಹೋದ್ರ ಹೋಗಲಿ ಸರ. ನಾ ನೋಡೇ ಹೇಳೇನಿ ಅಂತ ಒಬ್ಬರರ ನಂಬ್ರಿ. ಇಲ್ಲಾಂದ್ರ ನನಗ ತಲಿ ಕೆಡತೈತಿ. ರಾತ್ರಿ ಕಣ್ಣ ಮುಚ್ಚಿದ್ರ ಒಮ್ಮೆ ಹಸಿರ ಕಾಣತೈತಿ, ಒಮ್ಮೆ ಕೆಂಪ ಕಾಣತೈತಿ. ಯಾವ್ದು ಖರೇ ಅಂತ ನನಗ ತಿಳೀವಲ್ದು.'

ನನಗೂ ಅರ್ಧ ಅನುಮಾನವಿತ್ತು. ಆದರೂ ತನ್ನ ಕಣ್ಣನ್ನೇ ತಾನು ನಂಬದ ಸ್ಥಿತಿಗೆ ಮನುಷ್ಯರು ಬರಬಾರದು. 'ನೋಡೋಣ ತಡಿ' ಎಂದೆ. ಏನನ್ನು ನೋಡಬೇಕು ಎಂದು ನನಗೇ ಗೊತ್ತಿರಲಿಲ್ಲ. ಬ್ಯಾಡಗಿಯ ಪೆಟ್ಟಿಗೆಯನ್ನು ಬಿಚ್ಚಿ ತಂದು ತಿರುಗಿಸಿ ಮುರುಗಿಸಿ ಪರೀಕ್ಷಿಸಿದೆ, ಅದರಲ್ಲಿ ದೋಷವಿಲ್ಲ. ವೀರೇಶನನ್ನು ಕೇಳಿದರೆ ಸರ್ವರ್‌ನಲ್ಲಿ ದೋಷವಿಲ್ಲ ಎಂದ. ಹಾಗಾದರೆ ಉಳಿದದ್ದು ಗಿರಿಜಾ ಒಬ್ಬಳೇ. ಮಾಲೀಕರೂ ಅದನ್ನೇ ಹೇಳುತ್ತಿದ್ದರು.

ತಲೆಯೊಳಗೆ ಕೊರೆಯುತ್ತಿದ್ದದ್ದು ಬೇರೊಂದು ಸಣ್ಣ ವಿಷಯ. ರಾಣೆಬೆನ್ನೂರಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ಅದು ತಟ್ಟನೆ ನೆನಪಾಯಿತು. ಅವತ್ತು ಮಧ್ಯಾಹ್ನ ಬೀಜದ ಗೋದಾಮಿನ ಪೆಟ್ಟಿಗೆ ಹೊರಗೆ ಕಾಯುವ ಶಿಕ್ಷೆಯಲ್ಲಿತ್ತಲ್ಲ? ಇನ್ನೂ ಕೆಲವು ನಿಮಿಷ ಅದನ್ನು ಒಳಗೆ ಬಿಡಬಾರದಿತ್ತು. ಆದರೆ ವೈರ್ ತುಂಡಾಗಿ ಹೊಸದು ಹಾಕಿದ ಕೂಡಲೇ ಮೊದಲ ಸಲಕ್ಕೇ ಸೇರಿಕೊಂಡಿತು. ತಪ್ಪು ಮಾಡಿದವನಿಗೆ ಸರ್ವರ್ ಯಾಕೆ ಶಿಕ್ಷೆ ಮಾಫ್ ಮಾಡಿತು? ಆ ಶಿಕ್ಷೆ ಎಲ್ಲಿ ಹೋಯಿತು? ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ನನ್ನ ಮುಂದೆ ಖಾನೆ ಖಾನೆಯ ಸ್ಟೀಲ್ ತಾಟೇ ಇತ್ತು.

ಮರುದಿನ ಬೆಳಿಗ್ಗೆ ಬೀಜದ ಗೋದಾಮಿನ ಪೆಟ್ಟಿಗೆಯನ್ನೂ ಕಿತ್ತುಕೊಂಡು ಹಾವೇರಿಗೆ ಹೋದೆ. ಅದನ್ನೂ ಬ್ಯಾಡಗಿಯ ಪೆಟ್ಟಿಗೆಯನ್ನೂ ಮೇಜಿನ ಮೇಲೆ ಜೋಡಿಸಿಟ್ಟೆ. ಮಾಲೀಕರು, ವೀರೇಶ, ಗಿರಿಜಾ ಮೂವರನ್ನೂ ಕರೆದೆ. ಬ್ಯಾಡಗಿ ಪೆಟ್ಟಿಗೆ ಸೇರಿಕೊಂಡು ಪರದೆಯಲ್ಲಿ ಹಸಿರು ಬಂತು. ಲೋಡ್ ಶೆಡ್ಡಿಂಗ್ ಆದ ಹಾಗೆ ಅದರ ಕರೆಂಟು ಮತ್ತು ಬ್ಯಾಟರಿ ಎರಡನ್ನೂ ತೆಗೆದೆ. ಚೌಕ ಹಸಿರಾಗೇ ಉಳಿಯಿತು, ಏಕೆಂದರೆ ಹೊಸ ಸುದ್ದಿ ಬರುವ ತನಕ ಹಳೆಯ ಸುದ್ದಿಯನ್ನೇ ತೋರಿಸುವುದು ಆ ಪರದೆಯ ಪದ್ಧತಿ. ಅದು ಯಾವಾಗಿನ ಸುದ್ದಿ ಎಂದು ಅದು ಹೇಳುತ್ತಿರಲಿಲ್ಲ. ಆಮೇಲೆ ರಾಣೆಬೆನ್ನೂರಿನ ಪೆಟ್ಟಿಗೆಯನ್ನು ಬೇಕೆಂದೇ ಮತ್ತೆ ಮತ್ತೆ ಬಾಗಿಲು ತಟ್ಟುವಂತೆ ಮಾಡಿದೆ. ಖಾನೆಗಳು ತುಂಬಿ ಹಳದಿ ದೀಪ ಮಿಣುಕಿತು. ವೀರೇಶ ಅದನ್ನು ಸ್ವಿಚ್ ಒತ್ತಿ ಕ್ರಮಪ್ರಕಾರ ಬಂದ್ ಮಾಡಿದ. ಬ್ಯಾಡಗಿ ಪೆಟ್ಟಿಗೆಗೆ ಕರೆಂಟು ಕೊಟ್ಟರೆ ಸುಸೂತ್ರ ಸೇರಿಕೊಂಡಿತು.

'ನೋಡ್ರಿ ಸರ, ನನ್ನ ಕೋಡ್ ಚೊಲೋ ಐತಿ' ಎಂದ ವೀರೇಶ.

'ಹಂಗ ಬಂದ್ ಮಾಡೂದಲ್ಲೋ ಮಾರಾಯ. ಇಲಿ ನಿನ್ನಂಗ ಸ್ವಿಚ್ ಒತ್ತಿ ಹೋಗಿರಲಿಲ್ಲ' ಎಂದೆ.

ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಈ ಸಲ ಹಳದಿ ದೀಪ ಮಿಣುಕುತ್ತಿದ್ದಾಗಲೇ ಆಂಟೆನಾ ವೈರನ್ನು ಕಿತ್ತೆಸೆದೆ. ಕೂಡಲೇ ಬ್ಯಾಡಗಿ ಪೆಟ್ಟಿಗೆಗೆ ಕರೆಂಟು ಕೊಟ್ಟೆ. ಅದ್ಯಾಕೆ, ಇನ್ನೂ ಒಂದೇ ಒಂದು ಸಲ ಬಾಗಿಲು ತಟ್ಟಿದ ಆ ಪೆಟ್ಟಿಗೆಯ ಮೇಲೆ ಹಳದಿ ದೀಪ ಮಿಣುಕತೊಡಗಿತು! ಅಂಗಡಿಯಿಂದ ತಂದಿದ್ದ ಅಮೋನಿಯಾ ದ್ರಾವಣದಲ್ಲಿ ಬಟ್ಟೆ ಅದ್ದಿ ಅದರ ಮೂತಿಗೆ ಹಿಡಿದೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ಕೋಣೆಯ ತುಂಬ ಘಾಟು, ಎಲ್ಲರೂ ಮೂಗು ಮುಚ್ಚಿಕೊಂಡೆವು. ಗಿರಿಜಾ ಮಾತ್ರ ಮೂಗು ಮುಚ್ಚಿಕೊಳ್ಳದೆ ಪರದೆಯ ಹತ್ತಿರ ಹೋದಳು. ಬ್ಯಾಡಗಿಯ ಚೌಕದ ಮೇಲೆ ಬೆರಳಿಟ್ಟಳು.

'ಹಸಿರ ಐತ್ರಿ ಸರ' ಎಂದಳು.

ಕೆಲವು ನಿಮಿಷದ ಮೇಲೆ, ಕಾಯುವ ಹೊತ್ತು ಮುಗಿದು ಪೆಟ್ಟಿಗೆ ಒಳಗೆ ಸೇರಿದಾಗ, ಅವಳ ಬೆರಳಿನ ಕೆಳಗೇ ಆ ಚೌಕ ಕೆಂಪಾಯಿತು. ಅವತ್ತು ಮಾಲೀಕರು ಓಡಿ ಬಂದು ನೋಡಿದ್ದು ಆ ಕೆಂಪನ್ನು.

ವೀರೇಶ ಕಂಪ್ಯೂಟರ್ ಮುಂದೆ ಕುಳಿತು ತನ್ನ ಪ್ರೋಗ್ರಾಮಿನ ಸಾಲುಗಳನ್ನು ಹುಡುಕಿ ನೋಡಿದ. ಪೆಟ್ಟಿಗೆ ಹೇಳಿ ಹೋದರೆ ತಾಟು ತೊಳೆದು ರಾಶಿಯ ಮೇಲೆ ಇಡುತ್ತಿತ್ತು. ಹೇಳದೆ, ನಡುವೆಯೇ ಕನೆಕ್ಷನ್ ಹರಿದು ಹೋದರೆ ತೊಳೆಯದೆ ಇಡುತ್ತಿತ್ತು. ತೊಳೆಯುವ ಒಂದು ಸಾಲು ಆ ಜಾಗದಲ್ಲಿ ಬಿಟ್ಟುಹೋಗಿತ್ತು. ಅವತ್ತು ರಾಶಿಯ ಮೇಲಿದ್ದ ರಾಣೆಬೆನ್ನೂರಿನ ಎಂಜಲ ತಾಟು ಮುಂದೆ ಬಂದವನ, ಅಂದರೆ ಬ್ಯಾಡಗಿ ಪೆಟ್ಟಿಗೆಯ, ಪಾಲಿಗೆ ಬಿತ್ತು, ಯಾರೋ ತಟ್ಟಿದ ಲೆಕ್ಕ ಅವನ ತಲೆಗೆ ಕಟ್ಟಿತು. ಸರ್ವರ್ ಅವನಿಗೆ 'ನೀನು ಬಹಳ ಸಲ ಬಂದೀ, ಹೊರಗೆ ನಿಲ್ಲು' ಎಂದಿತು. ಅವನು ಹೊತ್ತು ತಂದಿದ್ದು ಸಾವಿನ ಸುದ್ದಿಯಾಗಿತ್ತು. ವೀರೇಶ ಕುರ್ಚಿಯಿಂದಿಳಿದು ನೆಲದ ಮೇಲೆ ಕುಳಿತುಬಿಟ್ಟ. ಅವನನ್ನು ಬಯ್ಯಬೇಕೆಂದು ರಾಣೆಬೆನ್ನೂರಿನಿಂದ ಮಾತು ಕಟ್ಟಿಕೊಂಡು ಬಂದಿದ್ದೆ. ಅವನ ಮುಖ ನೋಡಿ ಬಿಟ್ಟುಬಿಟ್ಟೆ.

ಮಾಲೀಕರು ಬಾಗಿಲು ಹಾಕಿದರು. 'ಆಗಿದ್ದು ಆಗಿಹೋತು. ಒಳಗಿಂದೊಳಗ ಸರಿ ಮಾಡ್ರಿ. ಹೊರಗ ಗೊತ್ತಾದ್ರ ಬ್ಯಾಡಗಿಯವರು ಎಲ್ಲಾ ಪೆಟಿಗಿ ಕಿತ್ತ ಒಗೀತಾರ. ಗಿರಿಜಾ, ನಿನ್ನ ಕೆಲಸಕ್ಕ ಏನೂ ಧಕ್ಕಿ ಇಲ್ಲವಾ' ಎಂದರು. ನನಗೆ ಮೈಯೆಲ್ಲ ಉರಿಯಿತು. ಏನು ಕೂಗಾಡಿದೆನೋ ಪೂರ್ತಿ ನೆನಪಿಲ್ಲ, ಕೆಳಗಿನ ಗೊಬ್ಬರದ ಅಂಗಡಿಯವರು ಮೆಟ್ಟಿಲು ಹತ್ತಿ ಬಂದದ್ದು ನೆನಪಿದೆ. ಕೊನೆಗೆ ಗಿರಿಜಾಳೇ ಬಾಯಿ ತೆರೆದಳು. 'ನಾ ಅವರ ಮನಿಗೆ ಹೋಗಬೇಕ್ರಿ. ಕಾಕಾ ಕೇಳೇ ಹೋಗ್ಯಾರಂತ ಹೇಳಬೇಕು.' ಮಾಲೀಕರು ತಲೆ ತಗ್ಗಿಸಿದರು. 'ಹೋಗಿ ಬರ್ರಿ' ಎಂದರು.

ನಾನು, ಗಿರಿಜಾ, ವೀರೇಶ ಬ್ಯಾಡಗಿಗೆ ಹೋದೆವು. ಕಮಲವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಮನೆಯಲ್ಲಿ ಹಾಸಿದ ಗೋಣಿತಟ್ಟಿನ ಮೇಲೆ ಸುಮ್ಮನೆ ಕುಳಿತಿದ್ದಳು. ನಮಗೂ ಅಲ್ಲೇ ಕೂರಲು ಹೇಳಿದಳು. ಹೇಗೆ ಶುರು ಮಾಡಬೇಕು ಎಂದು ನಾನು ಒದ್ದಾಡುತ್ತಿದ್ದರೆ ವೀರೇಶನೇ ಹೇಳಿದ. 'ಎಂಜಲ ತಾಟ ತೊಳೀದ ಇಟ್ಟಿದ್ನ್ಯವ್ವಾ ನಾನು. ಅದರಿಂದ ಹಿಂಗಾತು.' ಉಳಿದದ್ದನ್ನು ನಾನು ಬಿಡಿಸಿ ಹೇಳಿದೆ. ಅವಳಿಗೆ ಸರ್ವರ್ ಏನೆಂದು ತಿಳಿಯಿತೋ ಇಲ್ಲವೋ, ಬೇಕಾದದ್ದು ತಿಳಿಯಿತು.

'ಅಂದ್ರ ಅಂವ ಕೇಳಿದ್ನ?'

'ಕೇಳಿದ್ರು ಚಿಗವ್ವಾ' ಎಂದಳು ಗಿರಿಜಾ.

'ಕೇಳದ ಹೋದ ಅಂದ್ರು. ನಾನೂ ಹೆಣದ ಮುಂದ ಕುಂತ ಬೈದೆ. ಅಷ್ಟ ವರ್ಷ ಕೇಳಿ ಹೋಗಾಂವ ಅವತ್ತ ಯಾಕ ಮರತಿ ಅಂತ ಬೈದೆ.' ಕಮಲವ್ವ ಸೆರಗು ಬಾಯಿಗೊತ್ತಿಕೊಂಡಳು. ಅತ್ತು ಸುಮ್ಮನಾದ ಮೇಲೆ ಗಿರಿಜಾಳ ಕಡೆ ತಿರುಗಿದಳು. 'ಕಡೀ ಮಾತ ನಿನ್ನ ಕೂಡ ಆಡ್ಯಾನ. ಏನಂದ ಹೇಳು.'

ಗಿರಿಜಾ ಹೇಳಿದಳು. 'ಒಳಗ ಹೆಂಗೈತಿ ಯವ್ವಾ ಅಂದ್ರು. ಹಸಿರ ಐತಿ ಕಾಕಾ ಅಂದೆ. ಹೋಗ್ಲ್ಯಾ ಅಂದ್ರು. ಹೋಗ್ರಿ ಅಂದೆ.'

ಕಮಲವ್ವ ಅವಳ ತಲೆ ಸವರಿದಳು. 'ನೀ ಬ್ಯಾಡ ಅಂದಿದ್ರ ಹೋಗತಿರಲಿಲ್ಲ ತಂಗಿ. ನನ್ನ ಮಾತ ಒಂದಿನಾನೂ ಕೇಳದಾಂವ, ನಿನ್ನ ಮಾತ ಕೇಳತಿದ್ದ.' ಅದರಲ್ಲಿ ಕೊಂಕಿರಲಿಲ್ಲ, ಚುಚ್ಚುವ ಇರಾದೆಯೂ ಇರಲಿಲ್ಲ. ಗಂಡನ ನಂಬಿಗಸ್ತೆಯನ್ನು ಹತ್ತಿರ ಕೂರಿಸಿಕೊಂಡು ಅಕ್ಕರೆಯಿಂದ ಆಡಿದ ಮಾತು. ಆದರೆ ಅದು ಗಿರಿಜಾಳ ಎದೆಯಲ್ಲಿ ಎಲ್ಲಿ ಹೋಗಿ ನಿಂತಿತು ಎಂದು ನಾನು ಕಣ್ಣಾರೆ ನೋಡಿದೆ.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. 'ಈಗ ಎಲ್ಲರಿಗೂ ಗೊತ್ತಾತಲ್ಲ, ನಿಂದೇನೂ ತಪ್ಪಿಲ್ಲ' ಎಂದೆ. 'ನೋಡದ ಹೇಳಿದ್ರ ತಪ್ಪಾತು ಅಂತ ಅಳಬಹುದಿತ್ರಿ ಸರ. ನೋಡೇ ಕಳಿಸೇನಲ್ರಿ ಅವರನ್ನ, ಈಗ ಏನಂತ ಅಳ್ಲಿ?' ಎಂದಳು. ಹೆಸರು ಉಳಿಸಿಕೊಟ್ಟೆ ಎಂದು ಬೀಗುತ್ತ ಬಂದವನು ನಾನು. ಅವಳು ಕಳೆದುಕೊಂಡದ್ದು ಅಷ್ಟೇ ಅಲ್ಲ ಎಂಬುದು ಆಗ ಹೊಳೆಯಿತು.

ಗಿರಿಜಾ ಆ ತಿಂಗಳೇ ಕೆಲಸ ಬಿಟ್ಟಳು. ಮಾಲೀಕರು ಸ್ವತಃ ಗುತ್ತಲಕ್ಕೆ ಹೋಗಿ ಕರೆದರೂ ಬರಲಿಲ್ಲ. ಬ್ಯಾಡಗಿಯ ಎಲ್ಲ ಗೋದಾಮಿನವರಿಗೂ ನಡೆದದ್ದನ್ನು ಮಾಲೀಕರೇ ಹೋಗಿ ಹೇಳಿದರು, ಅಷ್ಟು ಮಾತ್ರ ಅವರ ಪುಣ್ಯದ ಲೆಕ್ಕಕ್ಕೆ ಬರೆಯಬೇಕು. ಕೆಲವರು ಪೆಟ್ಟಿಗೆ ಕಿತ್ತು ಕಳಿಸಿದರು, ಹೆಚ್ಚಿನವರು ಇಟ್ಟುಕೊಂಡರು. ವೀರೇಶ ಬಿಟ್ಟುಹೋದ ಸಾಲನ್ನು ಸೇರಿಸಿದ. ಪೂಲ್‌ನಿಂದ ತಾಟು ಕೊಡುವಾಗಲೂ ಒಮ್ಮೆ, ವಾಪಸು ಪಡೆಯುವಾಗಲೂ ಒಮ್ಮೆ ತೊಳೆಯುವ ಹಾಗೆ ಮಾಡಿದ. ನಾನು ಕೇಳಿದ್ದು ಇನ್ನೊಂದು ಕೆಲಸ. ಪೆಟ್ಟಿಗೆಯಿಂದ ಸ್ವಲ್ಪ ಹೊತ್ತು ಸುದ್ದಿ ಬರದಿದ್ದರೆ ಹಸಿರೂ ಬೇಡ, ಕೆಂಪೂ ಬೇಡ. ಚೌಕ ಬೂದಿ ಬಣ್ಣಕ್ಕೆ ತಿರುಗಬೇಕು, ಅದರೊಳಗೆ ದೊಡ್ಡ ಅಕ್ಷರದಲ್ಲಿ 'ಗೊತ್ತಿಲ್ಲ' ಎಂದು ಬರೆದಿರಬೇಕು.

ಅದು ತಯಾರಾದ ದಿನ ಗಿರಿಜಾಳನ್ನು ಒತ್ತಾಯ ಮಾಡಿ ಕರೆಸಿದೆ. ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ನೋಡಿದಳು. ವೀರೇಶ ಒಂದು ಪೆಟ್ಟಿಗೆಯ ಕರೆಂಟು ತೆಗೆದು ತೋರಿಸಿದ. ಹಸಿರು ಆರಿ ಬೂದಿಯಾಯಿತು. ಅವಳು ಎಂದಿನಂತೆ ಅದರ ಮೇಲೆ ಬೆರಳಿಟ್ಟಳು.

'ಇಷ್ಟ ಅವತ್ತ ಕಂಡಿದ್ರ, ಗೊತ್ತಿಲ್ಲ ಕಾಕಾ, ನಿಂದರ್ರಿ ಅಂತಿದ್ದೆ' ಎಂದಳು. 'ಆತವ್ವ, ನಿಂದಿರತೇನಿ ಅಂತಿದ್ರು.'

ಆ ಬೆರಳ ಗುರುತನ್ನು ನಾನು ಒರೆಸಲು ಬಿಡಲಿಲ್ಲ, ಧೂಳು ಕೂತು ಅದಾಗೇ ಹೋಯಿತು.

ಆಮೇಲೆ ಬಹಳ ವರ್ಷ ಕೆಲಸ ಮಾಡಿದೆ, ದೊಡ್ಡ ದೊಡ್ಡ ಯಂತ್ರ ನೋಡಿದೆ. ಕಲಿತದ್ದನ್ನು ಹೇಳು ಎಂದು ಹೊಸಬರು ಕೇಳಿದರೆ ಎರಡೇ ಮಾತು ಹೇಳುತ್ತೇನೆ. ಒಬ್ಬರು ಬಳಸಿದ್ದನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ತೊಳೆಯಿರಿ, ಅದು ತಾಟೇ ಇರಲಿ, ಕುರ್ಚಿಯೇ ಇರಲಿ. ಮತ್ತೆ, ನೀವು ಮಾಡುವ ಯಂತ್ರಕ್ಕೆ 'ಗೊತ್ತಿಲ್ಲ' ಎನ್ನುವುದನ್ನು ಮೊದಲು ಕಲಿಸಿ. ಮನುಷ್ಯರಿಗೂ ಅದು ಕಷ್ಟದ ಮಾತೇ, ನನಗಂತೂ ಬಹಳ ಕಷ್ಟ.

ಫಕ್ಕೀರಪ್ಪನ ರೂಢಿಯನ್ನು ನಾವು ಎಲ್ಲ ಗೋದಾಮುಗಳಿಗೂ ನಿಯಮ ಮಾಡಿದೆವು. ಅದೇ ವರ್ಷದ ಮಳೆಗಾಲದಲ್ಲಿ ಒಮ್ಮೆ ಪರದೆಯ ಮುಂದೆ ಬೇರೆ ಯಾರೂ ಇರಲಿಲ್ಲ, ನಾನೇ ಕುಳಿತಿದ್ದೆ. ಫೋನ್ ಬಂತು. ಫಕ್ಕೀರಪ್ಪನ ಜಾಗಕ್ಕೆ ಬಂದಿದ್ದ ಹೊಸ ಆಪರೇಟರ್.

'ಸರ, ಒಳಗ ಹೆಂಗೈತ್ರಿ?'

ಚೌಕ ಬೂದಿ ಬಣ್ಣದಲ್ಲಿತ್ತು. ಗಿರಿಜಾಳ ಹಾಗೆ ಬೆರಳಿಟ್ಟು ನೋಡಿದೆ.

'ಗೊತ್ತಿಲ್ಲಪ್ಪ' ಎಂದೆ. 'ನಿಂದ್ರು.'

'ಆತ್ರಿ ಸರ' ಎಂದ ಅವನು, 'ನಿಂದಿರತೇನಿ.'